ಬೀಸುವ ಕಲ್ಲಿನ ಕನ್ನಡ

ಸೊಲ್ಲಾಪುರ ಸೀಮೆಯ ಇತಿಹಾಸ ಬರೆಯುವವರು ಬಹುಮಟ್ಟಿಗೆ ಕೋಟೆಯಿಂದ ಸುರು ಮಾಡುತ್ತಾರೆ. ಆಮೇಲೆ ಬಟ್ಟೆ ಗಿರಣಿಗಳು ಬರುತ್ತವೆ, 1930ರ ಮಾರ್ಷಲ್ ಲಾ ಬರುತ್ತದೆ, 1931ರ ಜನವರಿಯಲ್ಲಿ ಗಲ್ಲಿಗೇರಿದ ನಾಲ್ವರು ಹುತಾತ್ಮರು ಬರುತ್ತಾರೆ. ಇವೆಲ್ಲ ಬರಲೇಬೇಕು. ಆದರೆ ನಮ್ಮ ಹಳ್ಳಿಗಳಲ್ಲಿ ಕನ್ನಡ ಇಷ್ಟು ದಿನ ಹೆಂಗ ಉಳೀತು ಅಂತ ಯಾರಾದರೂ ಕೇಳಿದರೆ ಇದರಲ್ಲಿ ಉತ್ತರ ಸಿಗುವುದಿಲ್ಲ. ಅಕ್ಕಲಕೋಟೆ ಭೋಸಲೆ ಅರಸರ ಸಂಸ್ಥಾನವಾಗಿತ್ತು, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ವಿಜಾಪುರ, ಧಾರವಾಡ, ಬೆಳಗಾವಿ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಇಲ್ಲೇ ಉಳಿದವು. 1960ರ ಮೇ 1ಕ್ಕೆ ಮಹಾರಾಷ್ಟ್ರವಾಯಿತು. ಕಚೇರಿಯ ಕಾಗದ ಮರಾಠಿ, ಪೇಟೆಯ ಲೆಕ್ಕ ಮರಾಠಿ. ಕನ್ನಡಕ್ಕೆ ಉಳಿದ ದೊಡ್ಡ ಜಾಗ ಅಂದರೆ ಮನೆ. ಮನೆಯಲ್ಲೂ, ನನ್ನ ತಿಳುವಳಿಕೆಯ ಪ್ರಕಾರ, ಬೆಳಗಿನ ಜಾವದಲ್ಲಿ ಹೆಣ್ಣುಮಕ್ಕಳು ಜೋಳ ಬೀಸುತ್ತಿದ್ದ ಆ ಎರಡು ತಾಸು.

ಇದಕ್ಕೆ ದೊಡ್ಡ ಸಾಕ್ಷಿ ಜಯದೇವಿತಾಯಿ ಲಿಗಾಡೆಯವರು. 1912ರಲ್ಲಿ ಸೊಲ್ಲಾಪುರದ ಸಿರಿವಂತ ಮನೆತನದಲ್ಲಿ ಹುಟ್ಟಿದರು. ಸಾಲಿಯಲ್ಲಿ ಕಲಿತದ್ದು ಮರಾಠಿ. ಚಿಕ್ಕ ವಯಸ್ಸಿನಲ್ಲೇ ಲಗ್ನವಾಗಿ ಲಿಗಾಡೆಯವರ ಮನೆ ಸೇರಿದರು. ಕನ್ನಡ ಓದು-ಬರಹವನ್ನು ಆಮೇಲೆ ತಾವೇ ಕಷ್ಟಪಟ್ಟು ಕಲಿತರು. ಅಷ್ಟು ತಡವಾಗಿ ಅಕ್ಷರ ಕಲಿತವರು ಸಾಮಾನ್ಯವಾಗಿ ಪತ್ರ ಬರೆಯುವುದಕ್ಕೆ, ಪುರಾಣ ಓದುವುದಕ್ಕೆ ಬಂದರೆ ಸಾಕು ಅನ್ನುತ್ತಾರೆ. ತಾಯಿ ಪುರಾಣವನ್ನೇ ಬರೆದರು. ತಮ್ಮ ಊರಿನ ಸಿದ್ಧರಾಮೇಶ್ವರರ ಚರಿತ್ರೆಯನ್ನು ನಾಲ್ಕು ಸಾವಿರಕ್ಕೂ ಹೆಚ್ಚು ಪದ್ಯಗಳಲ್ಲಿ ಹೇಳಿದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಸಮ್ಮೇಳನ ಸುರುವಾದದ್ದು 1915ರಲ್ಲಿ. ಅಲ್ಲಿಂದ ಇಲ್ಲಿತನಕ ಆ ಖುರ್ಚಿಯಲ್ಲಿ ಒಬ್ಬ ಹೆಣ್ಣುಮಗಳೂ ಕೂತಿರಲಿಲ್ಲ. ಮೊದಲು ಕೂತವರು ಗಡಿಯಾಚೆಯ, ಮರಾಠಿ ಸಾಲಿಯ ನಮ್ಮ ಸೊಲ್ಲಾಪುರದ ತಾಯಿ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಸಿದ್ಧರಾಮರ ಕಥೆಯನ್ನು ಹಿಂದೆ ರಾಘವಾಂಕ ಬರೆದಿದ್ದ, ಷಟ್ಪದಿಯಲ್ಲಿ. ಷಟ್ಪದಿ ಪಂಡಿತರ ದಾರಿ. ತಾಯಿ ಆ ದಾರಿ ಹಿಡಿಯಲಿಲ್ಲ. ಅವರು ಆರಿಸಿಕೊಂಡದ್ದು ತ್ರಿಪದಿ, ಅಂದರೆ ಬೀಸುವ ಕಲ್ಲಿನ ಮೂರು ಸಾಲಿನ ಪದ. ಹಳೆಯ ಮಟ್ಟು ಅದು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಇದೆ, ಸರ್ವಜ್ಞನ ವಚನಗಳೂ ಅದರಲ್ಲೇ ಇವೆ. ಆದರೆ ಅದನ್ನು ನೂರಾರು ವರ್ಷ ಬಾಯಿಂದ ಬಾಯಿಗೆ ದಾಟಿಸಿದವರು ಓದು ಬಾರದ ಹೆಣ್ಣುಮಕ್ಕಳು. ತಾಯಿಯವರ ಇನ್ನೊಂದು ಪುಸ್ತಕದ ಹೆಸರೇ 'ತಾಯಿಯ ಪದಗಳು'. ಸಾಲಿ ಕೊಡದಿದ್ದ ಕನ್ನಡ ಅವರಿಗೆ ಎಲ್ಲಿಂದ ಬಂತು ಅನ್ನುವುದನ್ನು ಆ ಮಟ್ಟೇ ಹೇಳುತ್ತದೆ ಅಂತ ನನಗೆ ಅನಿಸುತ್ತದೆ.

ಭೀಮಾ ನದಿಯ ಆಚೆ, ನಮಗೆ ಹತ್ತಿರವೇ ಇರುವ ಹಲಸಂಗಿಯಲ್ಲಿ ಇದೇ ಪದಗಳನ್ನು ಕೆಲವು ಗೆಳೆಯರು ಕೂಡಿಸಿದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ. 1931ರಲ್ಲಿ 'ಗರತಿಯ ಹಾಡು' ಅಚ್ಚಾಯಿತು. ಹೊಲ-ಮನೆ ಮಾಡಿಕೊಂಡು ಹಳ್ಳಿಯಲ್ಲೇ ಇದ್ದ ಜನ, ತಮ್ಮ ಓಣಿಯ ಅವ್ವ-ಆಯಿಗಳ ಮುಂದೆ ಕೂತು ಬರೆದುಕೊಂಡದ್ದು ಅದು. ಊರ ಹೊರಗಿನ ಪಂಡಿತರು ಬಂದಿದ್ದರೆ ಆ ಹೆಣ್ಣುಮಕ್ಕಳು ಬಾಯಿ ಬಿಡುತ್ತಿದ್ದರೋ ಇಲ್ಲವೋ.

ನಾನು ಬೆಳೆದದ್ದೂ ಇಂಥ ಒಂದು ಕಲ್ಲಿನ ಪಕ್ಕದಲ್ಲಿ. ಕೋಳಿ ಕೂಗುವ ಮೊದಲೇ ನಮ್ಮ ಆಯಿ ಏಳುತ್ತಿದ್ದಳು. ಅವ್ವ ಎದುರು ಕೂರುತ್ತಿದ್ದಳು. ಇಬ್ಬರ ಕೈಯೂ ಒಂದೇ ಗೂಟದ ಮೇಲೆ. ಒಂದು ಕೈ ತಿರುಗಿಸಿದರೆ ಇನ್ನೊಂದು ಕೈ ಹಿಡಿ ಜೋಳ ಹಾಕುತ್ತಿತ್ತು. ನಾನು ಆಯಿಯ ತೊಡೆಯ ಮೇಲೆ ತಲೆ ಇಟ್ಟು ಅರ್ಧ ನಿದ್ದೆಯಲ್ಲಿ ಇರುತ್ತಿದ್ದೆ. ಕಲ್ಲಿನ ಗುಡುಗು ಕಿವಿಗೆ ಬರುವ ಮೊದಲು ತೊಡೆಯೊಳಗಿಂದ ಬರುತ್ತಿತ್ತು. ಪದಗಳಲ್ಲಿ ತವರುಮನೆ, ಅಣ್ಣ, ಕೂಸು, ಶ್ರೀಶೈಲದ ಮಲ್ಲಯ್ಯ, ಸೊನ್ನಲಿಗೆಯ ಸಿದ್ಧರಾಮ. ಅತ್ತೆ-ಸೊಸೆ ಹಗಲೆಲ್ಲ ಮಾತು ಬಿಟ್ಟಿದ್ದರೂ ಬೆಳಗಿನ ಪದ ಮಾತ್ರ ಕೂಡಿಯೇ ಹಾಡಬೇಕು, ಇಲ್ಲಾಂದ್ರ ಕಲ್ಲು ತಿರುಗೂದಿಲ್ಲ. ಸಿದ್ಧರಾಮ ದನ ಕಾಯುವ ಹುಡುಗನಾಗಿದ್ದಾಗ ಮಲ್ಲಯ್ಯ ಹಸಿದ ಜಂಗಮನಾಗಿ ಬಂದದ್ದು, ಹುಡುಗ ಉಣ್ಣಲು ತರಲಿಕ್ಕೆ ಮನೆಗೆ ಓಡಿದ್ದು, ತಿರುಗಿ ಬರುವುದರೊಳಗೆ ಮಲ್ಲಯ್ಯ ಮಾಯವಾದದ್ದು, ಹುಡುಗ ಅಳುತ್ತ ಶ್ರೀಶೈಲದ ದಾರಿ ಹಿಡಿದದ್ದು ನನಗೆ ಮೊದಲು ಗೊತ್ತಾದದ್ದು ಹಂಗೆ. ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷದ ಮೇಲೆ.

ನಾಲ್ಕನೆಯ ಇಯತ್ತೆತನಕ ಊರಿನ ಕನ್ನಡ ಸಾಲಿ, ಆಮೇಲೆ ಪಕ್ಕದ ಊರಿನ ಮರಾಠಿ ಸಾಲಿ. ಅಲ್ಲಿಯ ಮೊದಲ ಪಾಠದಲ್ಲಿ 'ಆಯಿ' ಕೂಸಿಗೆ ಹಾಲುಣಿಸುತ್ತಿದ್ದಳು. ನಮ್ಮಲ್ಲಿ ಆಯಿ ಅಂದರೆ ಅಜ್ಜಿ, ಅವರಲ್ಲಿ ತಾಯಿ. ನಾನು ಎದ್ದು ನಿಂತು, "ಗುರುಜಿ, ಆಯಿ ಹೆಂಗ ಹಾಲು ಕುಡಿಸ್ತಾಳ್ರೀ?" ಅಂದೆ. ವರ್ಗದ ಅರ್ಧ ಹುಡುಗರು ನಕ್ಕರು, ಉಳಿದ ಅರ್ಧ ಹುಡುಗರು ನನ್ನಂತೆಯೇ ಗಾಬರಿಯಲ್ಲಿದ್ದರು. ಗುರುಜಿ ನಗಲಿಲ್ಲ. ಹಲಗೆಯ ಮೇಲೆ ಎರಡೂ ಭಾಷೆಯ ನಂಟಿನ ಹೆಸರುಗಳನ್ನು ಎದುರು ಬದುರು ಬರೆದು ತೋರಿಸಿದರು. ಅವರು ಮರಾಠಿ ಮನೆಯವರು. ಎರಡು ಭಾಷೆಗೆ ಜಗಳ ಹಚ್ಚುವವರನ್ನು ಕಂಡಾಗ ನನಗೆ ಆ ಹಲಗೆ ನೆನಪಾಗುತ್ತದೆ. ಜಯದೇವಿತಾಯಿಯವರೂ ಬಸವಣ್ಣನವರ ವಚನಗಳನ್ನು ಮರಾಠಿಗೆ ಕೊಟ್ಟವರು. ಸಾಲಿಯಲ್ಲಿ ಕಲಿತ ಭಾಷೆಯ ಸಾಲವನ್ನು ಹಂಗೆ ತೀರಿಸಿದರು ಅನ್ನಬಹುದು.

ಮನೆಮಾತೇ ಎಲ್ಲವನ್ನೂ ನಿರ್ಧರಿಸುತ್ತದೆ ಅಂತ ನಾನು ಹೇಳುತ್ತಿಲ್ಲ. ಹೇಳಿದರೆ ಬೇಂದ್ರೆಯವರು ಅಡ್ಡ ಬರುತ್ತಾರೆ. ಅವರ ಮನೆಮಾತು ಮರಾಠಿ. 1944ರಿಂದ 1956ರತನಕ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಅವರಿಗೆ ಕನ್ನಡ ಕೊಟ್ಟದ್ದು ಧಾರವಾಡದ ಓಣಿ. ಓಣಿಯಲ್ಲಿ ಕನ್ನಡ ಇದ್ದರೆ ಮನೆ ಬೇರೆಯಾದರೂ ನಡೆದೀತು. ಓಣಿಯಲ್ಲೂ ಸಾಲಿಯಲ್ಲೂ ಇಲ್ಲದಾಗ ಮನೆ ಒಂದೇ ಗತಿ. ಸೊಲ್ಲಾಪುರ ಪೇಟೆಯ ಮಕ್ಕಳ ಪಾಡು ಇಂದು ಬಹುಮಟ್ಟಿಗೆ ಇದೇ.

1972ರ ಬರ ನೆನಪಿರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಬಾವಿ ಬತ್ತಿದವು, ದನ ಮಾರಿದರು. ಪರದೇಶದಿಂದ ಬಂದ ಕೆಂಪು ಮಿಲೋ ಜೋಳ ತಿಂದೆವು. ಆಯಿ, ಅವ್ವ ಸರಕಾರದ ರಸ್ತೆ ಕೆಲಸಕ್ಕೆ ಖಡಿ ಒಡೆಯಲು ಹೋದರು. ಬಿಸಿಲಲ್ಲಿ ಸಾಲಾಗಿ ಕೂತ ಹೆಂಗಸರು ಸುತ್ತಿಗೆಯ ಪೆಟ್ಟಿಗೆ ಅದೇ ಬೀಸುವ ಪದ ಹಾಡುತ್ತಿದ್ದರು. ಬೀಸಲು ಕಾಳಿಲ್ಲದ ವರ್ಷವೂ ಪದ ನಿಲ್ಲಲಿಲ್ಲ.

ನಿಂತದ್ದು ಆಮೇಲೆ, ಸುಗ್ಗಿಯ ದಿನಗಳಲ್ಲಿ. ನಮ್ಮೂರಿಗೆ ಕರೆಂಟು ಬಂತು, ಹಿಂದೆಯೇ ಹಿಟ್ಟಿನ ಗಿರಣಿ ಬಂತು. ಡಬ್ಬಿ ಹೊತ್ತು ಹೋದರೆ ಕಾಲು ತಾಸಿನಲ್ಲಿ ಹಿಟ್ಟು. ಅವ್ವ ಖುಷಿಯಾದಳು, ಆಗಲೇಬೇಕು. ಹೆಗಲು ನೋವು, ಅಂಗೈಯ ಗುಳ್ಳೆ ಬಲ್ಲವರು ಯಾರೂ ಬೀಸುವ ಕಲ್ಲು ಮತ್ತೆ ಬರಲಿ ಅನ್ನುವುದಿಲ್ಲ. ಆದರೆ ಹೆಗಲಿನ ನೋವಿನ ಜೊತೆ ಆ ಎರಡು ತಾಸಿನ ಕನ್ನಡವೂ ಹೋಯಿತು. ನನ್ನ ತಂಗಿ ನನಗಿಂತ ಒಂಬತ್ತು ವರ್ಷ ಸಣ್ಣವಳು. ಅದೇ ಮನೆ, ಅದೇ ಅವ್ವ. ಅವಳಿಗೆ ಒಂದು ಪದವೂ ಬರುವುದಿಲ್ಲ.

ಹೋದ ವರ್ಷ ವಾಚನಾಲಯದ ಕಡೆಯಿಂದ ಸಾಲಿಯ ಮಕ್ಕಳನ್ನು ಕಟ್ಟಿಕೊಂಡು ಊರಿನ ಹಿರಿಯ ಹೆಣ್ಣುಮಕ್ಕಳಿಂದ ಪದ ಬರೆದುಕೊಳ್ಳಲು ಹೊರಟೆವು. ಎಂಬತ್ತು ದಾಟಿದ ಒಬ್ಬ ಆಯಿ ಮೊದಲ ಎರಡು ಸಾಲು ಹೇಳುವಳು, ಮೂರನೆಯದಕ್ಕೆ ನಿಲ್ಲುವಳು. "ಮರತೀನಪಾ, ಎಲ್ಲಾ ಮರತೀನಿ" ಅಂದಳು. ಹುಡುಗರು ವಹಿ ಮುಚ್ಚಿದರು. ಅಷ್ಟರಲ್ಲಿ ಒಬ್ಬ ಹುಡುಗಿಗೆ ಏನು ತೋಚಿತೋ, ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ ಬೀಸುವ ಕಲ್ಲನ್ನು ಇಬ್ಬರು ಗೆಳತಿಯರ ಸಂಗಡ ಎಳೆದು ತಂದು ಮುಂದಿಟ್ಟಳು. ಗೂಟ ಮುರಿದಿತ್ತು, ಬೇವಿನ ತುಂಡು ಕೆತ್ತಿ ಬಡಿದರು. ಆಯಿ ಒಂದು ಕಾಲು ಚಾಚಿ ಕೂತು, ಗೂಟ ಹಿಡಿದು, ಕಾಳಿಲ್ಲದ ಕಲ್ಲನ್ನು ಎರಡು ಸುತ್ತು ತಿರುಗಿಸಿದಳು. ಮೂರನೆಯ ಸಾಲು ಬಂತು. ಆ ದಿನ ಸಂಜೆತನಕ ಮೂವತ್ತೊಂದು ಪದ ಬರೆದುಕೊಂಡೆವು. ನಡುನಡುವೆ ಎದುರಿನ ಕೈ ಬೇಕು ಅಂತ ಆ ಹುಡುಗಿಯನ್ನೇ ಕೂರಿಸಿಕೊಂಡಳು.