ಅರ್ಥಶಾಸ್ತ್ರದ ಮೊದಲ ತರಗತಿ ಮತ್ತು ಸಾಮರ್ಥ್ಯಾಧಾರಿತ ವಿಂಗಡಣೆ: ಒಂದು ಚಾರಿತ್ರಿಕ ಅವಲೋಕನ

ಪದವಿಯ ಮೊದಲ ವರ್ಷದಲ್ಲಿ ಅರ್ಥಶಾಸ್ತ್ರವನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗಳ ಪೂರ್ವಸಿದ್ಧತೆ ಒಂದೇ ಬಗೆಯದಾಗಿರುವುದಿಲ್ಲ. ಬೇಡಿಕೆ-ಪೂರೈಕೆಗಳ ರೇಖೆಗಳನ್ನು ಒಬ್ಬರು ನೋಡಿದೊಡನೆ ಗ್ರಹಿಸಿದರೆ, ಗಣಿತದಲ್ಲಿ ಹಿಂದುಳಿದ ಇನ್ನೊಬ್ಬರಿಗೆ ರೇಖೆಯ ಇಳಿಜಾರೇ ತೊಡಕಾಗುತ್ತದೆ. ಇವರಿಬ್ಬರನ್ನು ಒಂದೇ ಕೊಠಡಿಯಲ್ಲಿ ಕೂರಿಸಬೇಕೆ, ಬೇರ್ಪಡಿಸಬೇಕೆ ಎಂಬುದು ಮೇಲುನೋಟಕ್ಕೆ ವೇಳಾಪಟ್ಟಿಯ ಪ್ರಶ್ನೆ. ವಾಸ್ತವವಾಗಿ ಅದು ಯಾರು ವ್ಯಾಸಂಗ ಮುಂದುವರಿಸುತ್ತಾರೆ, ಯಾರು ಅರ್ಧದಲ್ಲಿಯೇ ತೊರೆಯುತ್ತಾರೆ ಎಂಬುದಕ್ಕೆ ಸಂಬಂಧಿಸಿದ ಪ್ರಶ್ನೆ. ಇದರ ಹಿಂದೆ ಎರಡು ಶತಮಾನಗಳ ಇತಿಹಾಸವಿದೆ.

ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಮುಖ್ಯಸ್ಥರಾಗಿದ್ದ ಸಿಲ್ವೇನಸ್ ಥೇಯರ್ (೧೮೧೭–೧೮೩೩) ವಿದ್ಯಾರ್ಥಿಗಳನ್ನು ಅವರ ಗಳಿಕೆಯ ಕ್ರಮಾಂಕಕ್ಕೆ ಅನುಗುಣವಾಗಿ ಸಣ್ಣ ವಿಭಾಗಗಳಲ್ಲಿ ಕೂರಿಸಿದರು. ಬ್ರಿಟನ್ನಿನಲ್ಲಿ ಇಂಥ ಭೇದವು ಪದವಿಯ ಸ್ವರೂಪದಲ್ಲಿಯೇ ಕಾಣಿಸಿಕೊಂಡಿತು. ಆಲ್‌ಫ್ರೆಡ್ ಮಾರ್ಷಲ್ ಅವರ ಪ್ರಯತ್ನದಿಂದ ೧೯೦೩ರಲ್ಲಿ ಕೇಂಬ್ರಿಜ್‌ನಲ್ಲಿ ಸ್ಥಾಪಿತವಾದ ಅರ್ಥಶಾಸ್ತ್ರದ ಟ್ರೈಪೋಸ್ ಆನರ್ಸ್ ಪರೀಕ್ಷೆಯಾಗಿತ್ತು. ಸಾಮಾನ್ಯ ಪದವಿಯ ದಾರಿ ಬೇರೆಯಾಗಿತ್ತು. ಈ ಮಾದರಿ ಭಾರತಕ್ಕೂ ಬಂದಿತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ನಂತರ ಮಹಾರಾಜಾ ಕಾಲೇಜಿನಲ್ಲಿಯೂ ಆನರ್ಸ್ ತರಗತಿಗಳು ನಡೆದವು. ಆದರೆ ಇಲ್ಲಿ ಬೇರ್ಪಟ್ಟದ್ದು ಪಠ್ಯಕ್ರಮ ಮತ್ತು ಪದವಿ. ಒಂದೇ ಪಠ್ಯವನ್ನು ಓದುವವರನ್ನು ಹೇಗೆ ಗುಂಪು ಮಾಡಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯು ಸುಮಾರು ೧೭ ಲಕ್ಷ ಜನರಿಗೆ ಬುದ್ಧಿಶಕ್ತಿ ಪರೀಕ್ಷೆ ನಡೆಸಿತು. ಯುದ್ಧಾನಂತರ ಈ ಸಾಧನ ಶಾಲೆಗಳನ್ನು ಪ್ರವೇಶಿಸಿತು. ಡೆಟ್ರಾಯಿಟ್ ನಗರವು ೧೯೨೦ರಲ್ಲಿ ಪರೀಕ್ಷೆಯ ಫಲಿತಾಂಶವನ್ನು ಆಧರಿಸಿ ಮಕ್ಕಳನ್ನು ಎಕ್ಸ್, ವೈ, ಝಡ್ ಎಂಬ ಮೂರು ಗುಂಪುಗಳಾಗಿ ವಿಂಗಡಿಸಿತು: ಮೇಲಿನ ಶೇ. ೨೦, ನಡುವಿನ ಶೇ. ೬೦, ಕೆಳಗಿನ ಶೇ. ೨೦. ವಿಂಗಡಣೆಯ ಸಾಮಾಜಿಕ ಪರಿಣಾಮ ಕ್ರಮೇಣ ಬೆಳಕಿಗೆ ಬಂದಿತು. ವಾಷಿಂಗ್ಟನ್ ನಗರದ ಶಾಲೆಗಳಲ್ಲಿದ್ದ ಇಂಥ ವ್ಯವಸ್ಥೆ ಬಡ ಮತ್ತು ಕಪ್ಪು ವರ್ಣದ ಮಕ್ಕಳಿಗೆ ಅನ್ಯಾಯ ಮಾಡುತ್ತಿದೆಯೆಂದು ನ್ಯಾಯಾಧೀಶ ಸ್ಕೆಲ್ಲಿ ರೈಟ್ ೧೯೬೭ರಲ್ಲಿ ತೀರ್ಪಿತ್ತರು. ಕೆಳಗಿನ ಗುಂಪಿನ ಮಕ್ಕಳಿಗೆ ದೊರೆಯುವ ಪಾಠವೇ ತೆಳುವಾದುದೆಂಬುದನ್ನು ಜೀನಿ ಓಕ್ಸ್ ೧೯೮೫ರ ತಮ್ಮ ಗ್ರಂಥದಲ್ಲಿ ನಿರೂಪಿಸಿದರು.

ಕಾಲೇಜಿನ ಅರ್ಥಶಾಸ್ತ್ರಕ್ಕೆ ಈ ಚರ್ಚೆ ತಡವಾಗಿ ಬಂದಿತು. ಪಾಲ್ ಸ್ಯಾಮ್ಯುಯೆಲ್ಸನ್ ಅವರ ೧೯೪೮ರ ಪಠ್ಯಪುಸ್ತಕ ಪ್ರವೇಶಿಕೆಯ ಬೋಧನೆಗೆ ಒಂದು ಸಾಮಾನ್ಯ ಚೌಕಟ್ಟನ್ನು ಒದಗಿಸಿತು. ೧೯೬೮ರಲ್ಲಿ ರೂಪುಗೊಂಡ ಏಕರೂಪದ ಕಾಲೇಜು ಅರ್ಥಶಾಸ್ತ್ರ ಪರೀಕ್ಷೆ ಕಲಿಕೆಯನ್ನು ಅಳೆಯಲು ನೆರವಾಯಿತು. ಆದರೆ ಸಹಪಾಠಿಗಳ ಪ್ರಭಾವವನ್ನು ಬೇರ್ಪಡಿಸಿ ನೋಡಲು ನಿಯಂತ್ರಿತ ಪ್ರಯೋಗಗಳೇ ಬೇಕಾದವು.

ಇವುಗಳಲ್ಲಿ ಎರಡು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸುವುದು ಉಚಿತ. ಅಮೆರಿಕದ ವಾಯುಸೇನಾ ಅಕಾಡೆಮಿಯ ಹಿಂದಿನ ಅಂಕಿಅಂಶಗಳು, ದುರ್ಬಲರನ್ನು ಪ್ರತಿಭಾವಂತರೊಡನೆ ಸೇರಿಸಿದರೆ ದುರ್ಬಲರಿಗೆ ಲಾಭವೆಂದು ಸೂಚಿಸಿದ್ದವು. ಅದರಂತೆಯೇ ಹೊಸ ವಿದ್ಯಾರ್ಥಿಗಳ ತುಕಡಿಗಳನ್ನು ರಚಿಸಲಾಯಿತು. ಕ್ಯಾರೆಲ್, ಸಾಸರ್ಡೋಟ್ ಮತ್ತು ವೆಸ್ಟ್ ೨೦೧೩ರಲ್ಲಿ ಪ್ರಕಟಿಸಿದ ಫಲಿತಾಂಶ ನಿರೀಕ್ಷೆಗೆ ವಿರುದ್ಧವಾಗಿತ್ತು: ಯಾರ ಹಿತಕ್ಕಾಗಿ ಯೋಜನೆ ಹೂಡಲಾಗಿತ್ತೋ ಅವರ ಸಾಧನೆಯೇ ಕುಸಿದಿತ್ತು. ಒಂದೇ ತುಕಡಿಯೊಳಗೆ ಬಲ್ಲವರು ಬಲ್ಲವರೊಡನೆ, ದುರ್ಬಲರು ದುರ್ಬಲರೊಡನೆ ಸೇರಿ ಉಪಗುಂಪುಗಳಾದರು. ಒಂದೆಡೆ ಕೂರಿಸಿದ ಮಾತ್ರಕ್ಕೆ ಒಡನಾಟ ಹುಟ್ಟಲಿಲ್ಲ.

ಎರಡನೆಯದು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ವಿದ್ಯಾರ್ಥಿಗಳನ್ನು ಕುರಿತದ್ದು. ಅವರನ್ನು ಶಾಲಾಂಕಗಳ ಆಧಾರದ ಮೇಲೆ, ಉದ್ದೇಶಪೂರ್ವಕವಾಗಿ ಭಿನ್ನ ಸಂಯೋಜನೆಗಳಿದ್ದ ಬೋಧನಾ ಗುಂಪುಗಳಿಗೆ ಯಾದೃಚ್ಛಿಕವಾಗಿ ಹಂಚಲಾಯಿತು. ಬೂಯ್, ಲೂವೆನ್ ಮತ್ತು ಊಸ್ಟರ್‌ಬೀಕ್ ೨೦೧೭ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಂತೆ, ಮಿಶ್ರ ಗುಂಪುಗಳ ಬದಲು ಮೂರು ಸ್ತರದ ಗುಂಪುಗಳನ್ನು ಮಾಡಿದರೆ ಕೆಳ ಮತ್ತು ಮಧ್ಯಮ ಸಾಮರ್ಥ್ಯದವರ ಸಾಧನೆ ೦.೧೯ ಮಾನಕ ವಿಚಲನೆಯಷ್ಟು ಹೆಚ್ಚುತ್ತದೆ. ವ್ಯಾಸಂಗ ತೊರೆಯುವವರ ಪ್ರಮಾಣ ೧೨ ಶೇಕಡಾ ಅಂಶಗಳಷ್ಟು ಇಳಿಯುತ್ತದೆ. ಮೇಲ್ಸ್ತರದವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಗುಂಪಿಗೆ ತಕ್ಕಂತೆ ಅಧ್ಯಾಪಕರು ಬೋಧನೆಯನ್ನು ಬದಲಿಸಿದರೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ಸಮಾನರ ನಡುವೆ ಕುಳಿತ ದುರ್ಬಲ ವಿದ್ಯಾರ್ಥಿಗಳು ಸಹಪಾಠಿಗಳೊಡನೆ ಹೆಚ್ಚು ಬೆರೆತರು, ಕಲಿಕೆಯಲ್ಲಿ ಹೆಚ್ಚು ತೊಡಗಿಕೊಂಡರು.

ಕೀನ್ಯಾದ ೧೨೧ ಪ್ರಾಥಮಿಕ ಶಾಲೆಗಳಲ್ಲಿ ಡುಫ್ಲೊ, ಡ್ಯುಪಾ ಮತ್ತು ಕ್ರೆಮರ್ ನಡೆಸಿದ, ೨೦೧೧ರಲ್ಲಿ ಪ್ರಕಟವಾದ ಅಧ್ಯಯನವೂ ವಿಂಗಡಣೆಯಿಂದ ಎರಡೂ ಸ್ತರದ ಮಕ್ಕಳಿಗೆ ಲಾಭವಾದುದನ್ನು ದಾಖಲಿಸಿದೆ. ಅಲ್ಲಿ ಲಾಭದ ಮೂಲ, ಶಿಕ್ಷಕರು ಮಕ್ಕಳ ಮಟ್ಟಕ್ಕೆ ಪಾಠವನ್ನು ಹೊಂದಿಸಿಕೊಂಡದ್ದೆಂದು ಆ ಸಂಶೋಧಕರು ವಿವರಿಸಿದ್ದಾರೆ.

ಹಾಗಾದರೆ ೧೯೬೭ರ ತೀರ್ಪು ತಪ್ಪಾಗಿತ್ತೆ? ಹಾಗೆ ಹೇಳಲಾಗದು. ವಾಷಿಂಗ್ಟನ್‌ನಲ್ಲಿ ಗುಂಪಿನೊಡನೆ ಪಠ್ಯವೂ ಬೇರೆಯಾಗಿತ್ತು. ಮಗುವಿನ ಮುಂದಿನ ದಾರಿಯೂ ಅಲ್ಲಿಯೇ ಕವಲೊಡೆಯುತ್ತಿತ್ತು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪಠ್ಯ ಒಂದೇ, ಪದವಿ ಒಂದೇ; ಬದಲಾದದ್ದು ಪಕ್ಕದಲ್ಲಿ ಕುಳಿತವರು ಮಾತ್ರ. ವಿಂಗಡಣೆ ನ್ಯಾಯವೋ ಅನ್ಯಾಯವೋ ಎಂಬುದು ಗುಂಪು ಮಾಡಿದ್ದರಿಂದಲೇ ನಿರ್ಧಾರವಾಗುವುದಿಲ್ಲ. ಕೆಳಗಿನ ಗುಂಪಿನ ಮುಂದೆಯೂ ಅದೇ ಪುಸ್ತಕ, ಅದೇ ಪರೀಕ್ಷೆ ಇರುವುದೇ ಎಂಬುದರಿಂದ ನಿರ್ಧಾರವಾಗುತ್ತದೆ ಎಂಬುದೇ ಈ ಇತಿಹಾಸದಿಂದ ವ್ಯಕ್ತವಾಗುವ ಮುಖ್ಯ ಅಂಶ.