ತುಂಗಭದ್ರಾ ನದಿಮೂಲದ ಶೋಲಾ ಕಾಡುಗಳು

ತುಂಗಭದ್ರಾ ನದಿಮೂಲದ ಶೋಲಾ ಕಾಡುಗಳು ಪಶ್ಚಿಮ ಘಟ್ಟಗಳ ಕುದುರೆಮುಖ, ಗಂಗಾಮೂಲ ಮತ್ತು ಬಾಬಾಬುಡನ್‌ಗಿರಿ ಶ್ರೇಣಿಗಳ ಎತ್ತರದ ಕಣಿವೆಗಳಲ್ಲಿರುವ ನಿತ್ಯಹರಿದ್ವರ್ಣ ಮಳೆಕಾಡುಗಳು. ಇವು ವಿಸ್ತಾರವಾದ ಹುಲ್ಲುಗಾವಲಿನ ನಡುವೆ ತುಣುಕು ತುಣುಕಾಗಿ ಬೆಳೆದಿವೆ. ತುಂಗಾ ಮತ್ತು ಭದ್ರಾ ನದಿಗಳು ಈ ಪ್ರದೇಶದಲ್ಲಿ ಹುಟ್ಟಿ ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲಿ ಒಂದಾಗಿ, ತುಂಗಭದ್ರೆಯಾಗಿ ಹರಿಹರವನ್ನು ದಾಟಿ ಹರಿಯುತ್ತವೆ. ಗಣಿಗಾರಿಕೆ, ನೆಡುತೋಪು ಮತ್ತು ಕಾಡ್ಗಿಚ್ಚು ಇವುಗಳಿಗೆ ಎದುರಾದ ಮುಖ್ಯ ಅಪಾಯಗಳು.

ಹೆಸರು ಮತ್ತು ವರ್ಗೀಕರಣ

'ಶೋಲಾ' ಎಂಬುದು ತಮಿಳಿನ 'ಸೋಲೈ' ಪದದಿಂದ ಬಂದಿದೆ. ಚಾಂಪಿಯನ್ ಮತ್ತು ಸೇಠ್ ಅವರು 1968ರಲ್ಲಿ ಪ್ರಕಟಿಸಿದ ಭಾರತದ ಅರಣ್ಯ ವರ್ಗೀಕರಣದಲ್ಲಿ ಶೋಲಾವನ್ನು ದಕ್ಷಿಣದ ಪರ್ವತೀಯ ಆರ್ದ್ರ ಸಮಶೀತೋಷ್ಣ ಕಾಡು ಎಂದು ಗುರುತಿಸಲಾಗಿದೆ. ಸಮಶೀತೋಷ್ಣ ಮಳೆಕಾಡು ಎಂದಾಗ ಸಾಮಾನ್ಯವಾಗಿ ನೆನಪಾಗುವುದು ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿ, ದಕ್ಷಿಣ ಚಿಲಿ, ಟಾಸ್ಮೇನಿಯಾ, ನ್ಯೂಜಿಲೆಂಡ್ ಮತ್ತು ಸ್ಕಾಟ್‌ಲೆಂಡಿನ ಪಶ್ಚಿಮ ತೀರದ ಕಾಡುಗಳು. ಕರ್ನಾಟಕ ಉಷ್ಣವಲಯದಲ್ಲಿದ್ದರೂ ಎತ್ತರ, ಮಂಜು ಮತ್ತು ತಂಪು ಗಾಳಿಯ ಕಾರಣದಿಂದ ಇಲ್ಲಿನ ಶಿಖರಗಳ ಮೇಲೆ ಅದಕ್ಕೆ ಹತ್ತಿರವಾದ ಕಾಡು ಬೆಳೆದಿದೆ. ಶೋಲಾ ಸಾಮಾನ್ಯವಾಗಿ 1,500 ಮೀಟರಿಗಿಂತ ಮೇಲೆ ಕಂಡುಬರುತ್ತದೆ. ಕುದುರೆಮುಖದಂತಹ ಕಡೆ ಅದಕ್ಕಿಂತ ತಗ್ಗಿನಲ್ಲೂ ಇದೇ ಬಗೆಯ ಕಾಡಿನ ತುಣುಕುಗಳಿವೆ.

ಸ್ವರೂಪ

ಶೋಲಾದ ಮರಗಳು ಗಿಡ್ಡ. ನೇರಳೆ, ದಾಲ್ಚಿನ್ನಿ ಮತ್ತು ರುದ್ರಾಕ್ಷಿ ಕುಲಗಳಿಗೆ ಸೇರಿದ ಮರಗಳು ಇಲ್ಲಿ ಕೊಂಬೆಗೆ ಕೊಂಬೆ ಹೆಣೆದುಕೊಂಡು ಬೆಳೆಯುತ್ತವೆ. ಕಾಂಡಗಳ ಮೇಲೆ ಪಾಚಿ, ಜರೀಗಿಡ ಮತ್ತು ಸೀತಾಳೆಗಳು ಹಬ್ಬಿರುತ್ತವೆ. ಮಣ್ಣು ಆಳವಾಗಿರುವ, ಗಾಳಿಯ ಹೊಡೆತ ತಪ್ಪಿದ, ನೀರು ಜಿನುಗುವ ಮಡಿಲುಗಳಲ್ಲಿ ಮಾತ್ರ ಕಾಡಿರುತ್ತದೆ. ಅದರ ಅಂಚು ದಾಟಿದೊಡನೆ ಹುಲ್ಲು ಆರಂಭವಾಗುತ್ತದೆ. ದೂರದಿಂದ ನೋಡುವವರಿಗೆ ಯಾರೋ ಕಡಿದು ಬಯಲು ಮಾಡಿದಂತೆ ತೋರುವ ಈ ಹುಲ್ಲುಗಾವಲು ಶೋಲಾದಷ್ಟೇ ಸಹಜವಾದದ್ದು. ಕೆಲವು ಬೆಟ್ಟಗಳಲ್ಲಿ ಹನ್ನೆರಡು ವರ್ಷಗಳಿಗೊಮ್ಮೆ ಅರಳುವ ನೀಲಕುರಿಂಜಿ ಬೆಳೆಯುವುದೂ ಈ ಬಯಲಿನಲ್ಲೇ. ಹುಲ್ಲುಗಾವಲನ್ನು ಖಾಲಿ ಜಾಗವೆಂದು ಭಾವಿಸಿದ್ದೇ ಶೋಲಾಗಳಿಗೆ ಒದಗಿದ ಬಹುಪಾಲು ಹಾನಿಯ ಮೂಲ.

ಇದಕ್ಕಿಂತ ಕೆಳಗಿನ ಇಳಿಜಾರುಗಳ ದಟ್ಟ ಮಳೆಕಾಡುಗಳಲ್ಲಿ ಸಿಂಗಳೀಕಗಳು ವಾಸಿಸುತ್ತವೆ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ನಡೆಸಿದ ಸಿಂಗಳೀಕ ಸಮೀಕ್ಷೆಯು 1987ರಲ್ಲಿ ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲು ಮುಖ್ಯ ಆಧಾರವಾಯಿತು. ಉದ್ಯಾನದ ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟಗಳ 39 ತಾಣಗಳಲ್ಲಿ ಇದೂ ಒಂದು.

ದಾವಣಗೆರೆ ಮತ್ತು ಹರಿಹರದ ಸಂಬಂಧ

ಕುದುರೆಮುಖ ಶ್ರೇಣಿಯಲ್ಲಿ ವಾರ್ಷಿಕ ಮಳೆ ಹಲವೆಡೆ 6,000 ಮಿ.ಮೀ. ದಾಟುತ್ತದೆ. ದಾವಣಗೆರೆಯಲ್ಲಿ ಬೀಳುವುದು ಅದರ ಸುಮಾರು ಹತ್ತನೇ ಒಂದು ಭಾಗ. ಹೀಗಿದ್ದೂ ದಾವಣಗೆರೆ, ಹರಿಹರ ತಾಲ್ಲೂಕುಗಳ ಬಯಲಿನಲ್ಲಿ ಭತ್ತ ಬೆಳೆಯಲು ಸಾಧ್ಯವಾಗಿರುವುದು ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಗಳಿಂದ. ಜಲಾಶಯದ ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು. ದಾವಣಗೆರೆ ನಗರದ ಕುಡಿಯುವ ನೀರಿನ ಒಂದು ಪಾಲು ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿದ ನೀರು. ಮತ್ತೊಂದು ಪಾಲು ಭದ್ರಾ ನಾಲೆಯಿಂದ ತುಂಬುವ ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳದು.

ಶೋಲಾ ಮಳೆಯನ್ನು ಸೃಷ್ಟಿಸುತ್ತದೆ ಎಂಬ ಮಾತು ಜನಪ್ರಿಯವಾದರೂ ನಿಖರವಲ್ಲ. ಜಲಾಶಯ ತುಂಬುವುದು ಮುಂಗಾರಿನ ಪ್ರಮಾಣದಿಂದ. ಕಾಡು ಮತ್ತು ಹುಲ್ಲು ಮಾಡುವ ಕೆಲಸ ಬೇರೆ: ಮಳೆನೀರು ಮಣ್ಣಿಗೆ ಇಳಿಯಲು ಅವಕಾಶ ಕೊಟ್ಟು, ಮಣ್ಣು ಕೊಚ್ಚಿಹೋಗದಂತೆ ಹಿಡಿದು, ಮಳೆ ನಿಂತ ಮೇಲೂ ತೊರೆಗಳು ಹರಿಯುವಂತೆ ನೋಡಿಕೊಳ್ಳುವುದು. ಹೂಳು ಜಲಾಶಯ ತಲುಪುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಗಣಿಗಾರಿಕೆ ಮತ್ತು ನ್ಯಾಯಾಲಯದ ತೀರ್ಪು

ಕೇಂದ್ರ ಸರ್ಕಾರವು 1976ರಲ್ಲಿ ಸ್ಥಾಪಿಸಿದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಯೋಜನೆ ಇರಾನಿನ ಬೇಡಿಕೆಯನ್ನು ನೆಚ್ಚಿಕೊಂಡು ರೂಪುಗೊಂಡಿತ್ತು. ಭದ್ರಾ ನದಿಯ ಮೇಲ್ಪಾತ್ರದಲ್ಲಿ ಬೆಟ್ಟವನ್ನು ತೆರೆದು ಅದಿರು ತೆಗೆಯಲಾಯಿತು. ಪುಡಿಮಾಡಿದ ಅದಿರನ್ನು ನೀರಿನೊಡನೆ ಬೆರೆಸಿ ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸಲಾಗುತ್ತಿತ್ತು. ಉಳಿದ ಗಸಿಯನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಲಾಗುತ್ತಿತ್ತು. ಗಣಿ ಪ್ರದೇಶವು ಭದ್ರಾ ಜಲಾನಯನದ ಸಣ್ಣ ಭಾಗವಷ್ಟೇ ಆಗಿದ್ದರೂ ನದಿ ಹೊತ್ತು ತರುವ ಹೂಳಿನ ದೊಡ್ಡ ಪಾಲು ಅಲ್ಲಿಂದ ಬರುತ್ತಿರುವುದು ಅಳತೆಯಿಂದ ಕಂಡುಬಂದಿತು.

ಗಣಿ ಗುತ್ತಿಗೆಯ ಅವಧಿ 1999ರಲ್ಲಿ ಮುಗಿದಾಗ ಅದರ ವಿಸ್ತರಣೆಗೆ ತೀವ್ರ ವಿರೋಧ ವ್ಯಕ್ತವಾಯಿತು. ನಾಗರಹೊಳೆಯ ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ನೀಡಿ, 2005ರ ಅಂತ್ಯದೊಳಗೆ ಗಣಿಗಾರಿಕೆಯನ್ನು ನಿಲ್ಲಿಸಬೇಕೆಂದು ಆದೇಶಿಸಿತು. ಅದರಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಗಣಿಯನ್ನು ನಂಬಿ ಬೆಳೆದಿದ್ದ ಕುದುರೆಮುಖ ಪಟ್ಟಣ ಬಹುಮಟ್ಟಿಗೆ ಖಾಲಿಯಾಯಿತು. ಆ ನಷ್ಟ ನಿಜವಾದದ್ದು, ಸಂರಕ್ಷಣೆಯ ಕಥೆ ಹೇಳುವಾಗ ಅದನ್ನು ಬಿಟ್ಟುಬಿಡುವುದು ಸಲ್ಲದು.

ನೀಲಗಿರಿ ನೆಡುತೋಪು ಮತ್ತು ಹರಿಹರ

ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1972ರಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ನೀಲಗಿರಿ ಮರ ಮುಖ್ಯ ಕಚ್ಚಾವಸ್ತು. ಅದರ ತಿರುಳಿನಿಂದ ರೇಯಾನ್ ನೂಲು ತಯಾರಾಗುತ್ತದೆ. ಕಾರ್ಖಾನೆಗೆ ಮರ ಒದಗಿಸಲು 1984ರಲ್ಲಿ ರಾಜ್ಯ ಸರ್ಕಾರ ಮತ್ತು ಈ ಕಂಪನಿಯ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪನೆಯಾಯಿತು. ಅಂದಿನ ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯಲ್ಲಿ ನೀಲಗಿರಿ ಬೆಳೆಸುವುದು ಇದರ ಉದ್ದೇಶವಾಗಿತ್ತು. ಈ ಭೂಮಿ ಶೋಲಾ ಪ್ರದೇಶವಲ್ಲ, ಬಹುಪಾಲು ಹಳ್ಳಿಗಳ ಗೋಮಾಳ ಮತ್ತು ಕುರುಚಲು ಕಾಡು. ಆದರೆ ದನ ಮೇಯುವ ಹುಲ್ಲನ್ನು ಪಾಳುಭೂಮಿ ಎಂದು ಬರೆದುಕೊಳ್ಳುವ ದೃಷ್ಟಿ ಎರಡೂ ಕಡೆ ಒಂದೇ ಆಗಿತ್ತು.

ಎಸ್.ಆರ್. ಹಿರೇಮಠರ ನೇತೃತ್ವದ ಸಮಾಜ ಪರಿವರ್ತನ ಸಮುದಾಯವು ಇದನ್ನು ವಿರೋಧಿಸಿತು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಸಾಹಿತಿ ಶಿವರಾಮ ಕಾರಂತರೂ ಇದ್ದರು (ಸಿಂಗಳೀಕ ಸಮೀಕ್ಷೆ ನಡೆಸಿದ ಉಲ್ಲಾಸ ಕಾರಂತರು ಇವರ ಮಗ). ನ್ಯಾಯಾಲಯವು 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ನೀಡಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹದಲ್ಲಿ ಗ್ರಾಮಸ್ಥರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ಕಂಪನಿಯನ್ನು 1991ರಲ್ಲಿ ಮುಚ್ಚಲಾಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು.

ಪುನಶ್ಚೇತನ

ಗಣಿಯಿಂದ ಬರಿದಾದ ಇಳಿಜಾರು ಮತ್ತು ಸುತ್ತಲಿನ ಹುಲ್ಲುಗಾವಲುಗಳಲ್ಲಿ ಅಕೇಶಿಯಾ ಮುಂತಾದ ಹೊರನಾಡಿನ ಮರಗಳನ್ನು ದೊಡ್ಡ ಪ್ರಮಾಣದಲ್ಲಿ ನೆಡಲಾಗಿತ್ತು. ಇದು ಮಣ್ಣನ್ನು ತಕ್ಷಣಕ್ಕೆ ಹಿಡಿದರೂ ಹುಲ್ಲಿಗೆ ಬೇಕಾದ ಬಿಸಿಲನ್ನು ಕಸಿಯುತ್ತದೆ. ಆದ್ದರಿಂದ ಇಲ್ಲಿ ಪುನಶ್ಚೇತನವೆಂದರೆ ಎಲ್ಲೆಡೆ ಸಸಿ ನೆಡುವುದಲ್ಲ. ಎಲ್ಲಿ ಕಾಡು, ಎಲ್ಲಿ ಹುಲ್ಲು ಇತ್ತೆಂದು ಮೊದಲು ತಿಳಿಯಬೇಕಾಗುತ್ತದೆ. ಹುಲ್ಲುಗಾವಲಿನಿಂದ ಹೊರನಾಡಿನ ಮರಗಳನ್ನು ತೆಗೆದ ಮೇಲೂ ಮಣ್ಣಿನಲ್ಲಿ ಉಳಿದ ಬೀಜಗಳು ವರ್ಷಗಟ್ಟಲೆ ಮೊಳೆಯುತ್ತವೆ, ಅವನ್ನು ಮತ್ತೆ ಮತ್ತೆ ಕೀಳಬೇಕಾಗುತ್ತದೆ.

ತಮಿಳುನಾಡಿನ ಪಳನಿ ಬೆಟ್ಟಗಳಲ್ಲಿ ಕಂಡ ಅನುಭವ ಇದನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ಅಲ್ಲಿ ಹಳೆಯ ಪೈನ್ ಮತ್ತು ವಾಟಲ್ ತೋಪುಗಳ ನೆರಳಿನಲ್ಲೇ ಶೋಲಾ ಸಸಿಗಳು ತಾವಾಗಿ ಹುಟ್ಟಿವೆ. ತೋಪನ್ನು ಒಮ್ಮೆಲೇ ಕಡಿದರೆ ಅವೂ ನಾಶವಾಗುತ್ತವೆ. ಹೀಗಾಗಿ ಒಂದೇ ಬೆಟ್ಟದ ಒಂದು ಮಗ್ಗುಲಲ್ಲಿ ಮರ ಕಡಿಯುವುದೂ ಇನ್ನೊಂದು ಮಗ್ಗುಲಲ್ಲಿ ಅದೇ ಜಾತಿಯ ಮರವನ್ನು ಕೆಲಕಾಲ ಉಳಿಸುವುದೂ ಸಂರಕ್ಷಣೆಯೇ ಆಗಬಹುದು. ಶೋಲಾ ಮರಗಳ ಬೆಳವಣಿಗೆ ಬಹಳ ನಿಧಾನ. ಬೇಸಿಗೆಯಲ್ಲಿ ಹುಲ್ಲಿಗೆ ಹಚ್ಚಿದ ಬೆಂಕಿ ಕಾಡಿನ ಅಂಚಿನ ಎಳೆಯ ಸಸಿಗಳನ್ನು ಸುಟ್ಟರೆ ಆ ತುಣುಕು ಪ್ರತಿವರ್ಷ ಒಳಕ್ಕೆ ಸರಿಯುತ್ತದೆ. ಬೆಂಕಿರೇಖೆ ಕಡಿಯುವುದು ಮತ್ತು ಕಾವಲು ಕಾಯುವುದು ಈ ಕಾರಣದಿಂದ ಸಸಿ ನೆಡುವುದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸಗಳು.