ಒಮಕಾಸೆ ಸುಶಿ: ಇತಿಹಾಸ

ಒಮಕಾಸೆ ಎಂದರೆ ಸುಶಿ ತಯಾರಕನ ಎದುರಿನ ಕೌಂಟರಿನಲ್ಲಿ ಕೂತು, ಏನು ಬಡಿಸಬೇಕೆಂಬುದನ್ನು ಅವನಿಗೇ ಬಿಟ್ಟು ಉಣ್ಣುವ ಜಪಾನಿ ಪದ್ಧತಿ. ಒಂದೊಂದು ತುತ್ತನ್ನೂ ಆಗಿಂದಾಗಲೇ ಕೈಯಲ್ಲಿ ಒತ್ತಿ ಎದುರಿಗಿಡಲಾಗುತ್ತದೆ. ಇದನ್ನು ಎಡೊ ಕಾಲದ ಸಂಪ್ರದಾಯವೆಂದು ಹಲವೆಡೆ ಬರೆದಿರುವುದುಂಟು. ಆದರೆ ಎಡೊ ಕಾಲದ್ದು ಕೈಯಲ್ಲಿ ಒತ್ತಿ ಮಾಡುವ ನಿಗಿರಿ ಸುಶಿ ಮಾತ್ರ. ಉಣ್ಣುವ ಈ ಕ್ರಮ ಪ್ರಚಾರಕ್ಕೆ ಬಂದದ್ದು 20ನೇ ಶತಮಾನದ ಉತ್ತರಾರ್ಧದಲ್ಲಿ.

ಮೂಲ: ಮೀನನ್ನು ಅನ್ನದಲ್ಲಿ ತಿಂಗಳುಗಟ್ಟಲೆ ಹುದುಗಿಸುವ ನರೆಜುಶಿ ಸುಶಿಯ ಹಳೆಯ ಬಗೆ; ಅದರಲ್ಲಿ ಒಂದಾದ ಬಿವಾ ಸರೋವರದ ಫುನಜುಶಿ ಇಂದಿಗೂ ಉಳಿದಿದೆ. ವಿನಿಗರ್ ಬೆರೆಸಿದ ಅನ್ನದ ಮೇಲೆ ಮೀನಿಟ್ಟು ಒತ್ತುವ ನಿಗಿರಿ 19ನೇ ಶತಮಾನದ ಆರಂಭದಲ್ಲಿ ಎಡೊದಲ್ಲಿ (ಇಂದಿನ ಟೋಕಿಯೊ) ಬಳಕೆಗೆ ಬಂತು. ಇದರ ಕರ್ತೃ ಅಲ್ಲಿನ ರ್ಯೋಗೊಕು ಪ್ರದೇಶದ ಹನಾಯಾ ಯೋಹೆ (1799–1858) ಎಂಬುದು ಪ್ರಚಲಿತ ಮಾತು. ಮತ್ಸುನೊಜುಶಿ ಅಂಗಡಿಯ ಸಕಾಯಿಯಾ ಮತ್ಸುಗೊರೊನ ಹೆಸರನ್ನೂ ಹೇಳುವುದುಂಟಾದ್ದರಿಂದ, ಒಬ್ಬನನ್ನೇ ಜನಕನೆನ್ನುವುದು ಸರಿಯಾಗದು. ಯತಾಯಿ ಎಂಬ ಬೀದಿ ಅಂಗಡಿಗಳಲ್ಲಿ ಗಿರಾಕಿಗಳು ನಿಂತುಕೊಂಡೇ ತಮಗೆ ಬೇಕಾದುದನ್ನು ತಿನ್ನುತ್ತಿದ್ದರು. ತುತ್ತುಗಳು ಇಂದಿನವಕ್ಕಿಂತ ದೊಡ್ಡವು.

ಯುದ್ಧಾನಂತರ: 1947ರಲ್ಲಿ ಆಹಾರದ ಅಭಾವದಿಂದ ಉಪಾಹಾರಗೃಹಗಳ ಮೇಲೆ ನಿರ್ಬಂಧ ಬಂದಾಗ, ಗಿರಾಕಿ ತಂದ ಒಂದು ಗೋ (ಸುಮಾರು 150 ಗ್ರಾಂ) ಅಕ್ಕಿಗೆ ಹತ್ತು ತುಂಡು ಸುಶಿ ಮಾಡಿಕೊಡಲು ಟೋಕಿಯೊದ ಸುಶಿ ಅಂಗಡಿಗಳಿಗೆ ಅನುಮತಿ ದೊರೆಯಿತು. ತುತ್ತಿನ ಇಂದಿನ ಗಾತ್ರಕ್ಕೂ ಎಡೊ ಶೈಲಿ ದೇಶವಿಡೀ ಹರಡಿದ್ದಕ್ಕೂ ಇದೊಂದು ಮುಖ್ಯ ಕಾರಣ. ಶುಚಿತ್ವದ ನಿಯಮಗಳಿಂದ ಯತಾಯಿಗಳು ಮರೆಯಾಗಿ, ಕೂತು ತಿನ್ನುವ ಕೌಂಟರು ನೆಲೆಗೊಂಡಿತು.

ಒಮಕಾಸೆಯ ಏಳಿಗೆ: ಆಗಲೂ ಕೌಂಟರಿನಲ್ಲಿ ನಡೆಯುತ್ತಿದ್ದುದು ಮುಖ್ಯವಾಗಿ ಒಕೊನೊಮಿ, ಅಂದರೆ ಗಿರಾಕಿಯೇ ಮೀನನ್ನು ಹೆಸರಿಸಿ ಕೇಳುವ ಕ್ರಮ. ಬೆಲೆ ಆ ದಿನದ ಮಾರುಕಟ್ಟೆಯಂತೆ ಇರುತ್ತಿದ್ದುದರಿಂದ ಲೆಕ್ಕ ಕೊನೆಗಷ್ಟೇ ತಿಳಿಯುತ್ತಿತ್ತು. ಒಮಕಾಸೆ ಇದನ್ನು ಹಿಂದಿಕ್ಕಿದ ನಿರ್ದಿಷ್ಟ ವರ್ಷವನ್ನು ಹೇಳಲಾಗದು. 1990ರ ದಶಕದಿಂದೀಚೆಗೆ ಅದು ವ್ಯಾಪಕವಾಯಿತೆಂಬುದು ಸಾಮಾನ್ಯ ಅಭಿಪ್ರಾಯ. ಇದರಲ್ಲಿನ ಮುಂಗಡ ಕಾಯ್ದಿರಿಸುವಿಕೆ ಮತ್ತು ಗೊತ್ತಾದ ಬೆಲೆಯಿಂದ ತಯಾರಕನು ಬೇಕಾದಷ್ಟೇ ಮೀನು ಕೊಳ್ಳಬಹುದು. ಗಿರಾಕಿಗೂ ಬೆಲೆಯ ಆತಂಕವಿಲ್ಲ. ತಿಳಿರುಚಿಯಿಂದ ಗಾಢರುಚಿಗೆ ಸಾಗುವ ಅನುಕ್ರಮವೂ ತಯಾರಕನ ಕೈಯಲ್ಲೇ ಉಳಿಯುತ್ತದೆ. ಈ ಪದ್ಧತಿ ಬೆಳೆಯಲು ಪರಂಪರೆಗಿಂತ ಈ ಅನುಕೂಲಗಳೇ ದೊಡ್ಡ ಕಾರಣ.

ವಿಶ್ವಖ್ಯಾತಿ: ಸುಶಿ ತಯಾರಕ ಮಸಾ ತಕಾಯಾಮಾ 2004ರಲ್ಲಿ ನ್ಯೂಯಾರ್ಕಿನಲ್ಲಿ 'ಮಸಾ' ಎಂಬ ಒಮಕಾಸೆ ಉಪಾಹಾರಗೃಹ ತೆರೆದರು. ಟೋಕಿಯೊದ ಗಿಂಜಾದಲ್ಲಿರುವ ಜಿರೊ ಓನೊ ಅವರ ಸುಶಿ ಅಂಗಡಿ 'ಸುಕಿಯಾಬಾಶಿ ಜಿರೊ' 2007ರಲ್ಲಿ ಪ್ರಕಟವಾದ ಮಿಶೆಲಿನ್‌ನ ಮೊದಲ ಟೋಕಿಯೊ ಉಪಾಹಾರಗೃಹ ಕೈಪಿಡಿಯಲ್ಲಿ ಮೂರು ತಾರೆ ಪಡೆಯಿತು. ಆ ಅಂಗಡಿಯ ಕುರಿತ 2011ರ ಸಾಕ್ಷ್ಯಚಿತ್ರ ಅದನ್ನು ಜಗತ್ತಿಗೆ ಪರಿಚಯಿಸಿತು. ಸಾರ್ವಜನಿಕರು ನೇರವಾಗಿ ಆಸನ ಕಾಯ್ದಿರಿಸಲಾಗದ ಕಾರಣ 2019ರಲ್ಲಿ ಅದನ್ನು ಕೈಪಿಡಿಯಿಂದ ಕೈಬಿಡಲಾಯಿತು.